ನೊಣದ ಜೊಲ್ಲಿಗೆ ಅಡ್ಡಗಟ್ಟಿದವರು

ಸಕ್ಕರೆ ಹರಳಿನ ಮೇಲೆ ನೀಲಿ ನೊಣವೊಂದು ಬಂದು ಕೂತಿದೆ. ಉಸಿರು ತಾಗದಷ್ಟು ದೂರದಿಂದ ಬಾಗಿ ನೋಡಿ. ಮಿರಮಿರ ಮಿಂಚುವ ಹೊಟ್ಟೆ, ಅದರ ಮೇಲೆ ಒರಟು ಕೂದಲು, ಬಿಡುವಿಲ್ಲದೆ ಒಂದನ್ನೊಂದು ಉಜ್ಜಿಕೊಳ್ಳುವ ಮುಂಗಾಲು. ಅಗಿಯಲು ಇದಕ್ಕೆ ಹಲ್ಲಿಲ್ಲ, ದವಡೆಯಿಲ್ಲ. ಸೊಂಡಿಲು ಇಳಿಸಿ, ಅದರ ತುದಿಯ ಮೆತ್ತೆಯನ್ನು ಹರಳಿಗೆ ಒತ್ತಿ, ತುಸು ಜೊಲ್ಲು ಬಿಟ್ಟು ಕರಗಿಸಿ, ಕರಗಿದ್ದನ್ನು ಹೀರುತ್ತದೆ. ಮತ್ತೆ ಜೊಲ್ಲು, ಮತ್ತೆ ಹೀರಾಟ. ಎದ್ದು ಹೋಗುವ ಹೊತ್ತಿಗೆ ಹರಳಿನ ಚೂಪು ಅಂಚು ಮೊಂಡಾಗಿರುತ್ತದೆ. ಹಾರಾಡುವಾಗ ಸುಮ್ಮನಿದ್ದ ಜೊಲ್ಲಿನ ಗ್ರಂಥಿಗೆ ಉಣ್ಣಲು ಕೂತ ಗಳಿಗೆಯಲ್ಲೇ 'ಬಿಡು' ಎಂದು ಅಪ್ಪಣೆ ಕೊಡುವವರು ಯಾರು?

ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿ ವರ್ಷಗಟ್ಟಲೆ ನೊಣ ಕೊಯ್ದವರು ಮೈಕೆಲ್ ಬೆರಿಡ್ಜ್. ಮೊದಲು ಅಮೆರಿಕದಲ್ಲಿ, ಆಮೇಲೆ ಕೇಂಬ್ರಿಜ್‌ನಲ್ಲಿ. ಇಂಥ ಪ್ರಯೋಗಾಲಯಕ್ಕೆ ಕಾಲಿಟ್ಟರೆ ಮೊದಲು ಎದುರಾಗುವುದು ನೊಣ ಸಾಕುವ ಕೋಣೆ. ಮರಿಹುಳುಗಳಿಗೆಂದು ಇಟ್ಟ ಮಾಂಸದ ನಾತ, ಪಂಜರದೊಳಗಿನ ಗುಂಯ್ ಸದ್ದು. ಅದನ್ನು ದಾಟಿ ಸೂಕ್ಷ್ಮದರ್ಶಕದ ಮುಂದೆ ಕೂತರೆ ಬೇರೆಯೇ ಲೋಕ. ಸೀಳಿದ ನೊಣದೊಳಗೆ, ಹೊಟ್ಟೆಯಿಂದ ಎದೆ ಹಾದು ತಲೆಯತ್ತ ಸಾಗುವ ಎರಡು ತೆಳು ಕೊಳವೆಗಳು. ಗೋಡೆ ಎಂದರೆ ಒಂದೇ ಸಾಲು ಜೀವಕೋಶ, ಅಷ್ಟೇ. ಸಂಶೋಧಕರಿಗೆ ಇದಕ್ಕಿಂತ ಸರಳವಾದ ಗ್ರಂಥಿ ಸಿಗುವುದು ಕಷ್ಟ.

ಚಿಮಟದ ತುದಿಯಲ್ಲಿ ಒಂದು ಕೊಳವೆಯನ್ನು ಎತ್ತಿ, ದ್ರವ ಪ್ಯಾರಾಫಿನ್ನಿನ ಅಡಿಯಲ್ಲಿರುವ ಉಪ್ಪುನೀರಿನ ಹನಿಯೊಳಗೆ ಇಳಿಬಿಡುತ್ತಾರೆ. ಕತ್ತರಿಸಿದ ತುದಿಯನ್ನು ಮಾತ್ರ ಮೆಲ್ಲಗೆ ಆಚೆ, ಎಣ್ಣೆಯೊಳಕ್ಕೆ ಎಳೆಯುತ್ತಾರೆ. ಕೈ ಕೊಂಚ ನಡುಗಿದರೂ ಕೊಳವೆ ಹರಿಯಿತು, ಇನ್ನೊಂದು ನೊಣ ತನ್ನಿ. ಸರಿಯಾಗಿ ಕೂತರೆ ಏನೂ ಆಗುವುದಿಲ್ಲ. ಗ್ರಂಥಿ ಹೆಚ್ಚುಕಡಿಮೆ ಒಣಗಿಯೇ ಇರುತ್ತದೆ. ಈಗ ಉಪ್ಪುನೀರಿಗೆ ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಬೆರೆಸಿ. ಕ್ಷಣಗಳಲ್ಲಿ ತುದಿಯಲ್ಲಿ ಒಂದು ಬಿಂದು ಮೂಡಿ, ಎಣ್ಣೆಯಲ್ಲಿ ಬೆರೆಯಲಾಗದೆ ಗುಂಡಗೆ ಊದುತ್ತದೆ. ಅದನ್ನು ಗಾಜಿನ ಕಡ್ಡಿಯಿಂದ ಬಿಡಿಸಿ, ಅದರ ಅಡ್ಡಳತೆ ನೋಡಿ, ಜೊಲ್ಲು ಎಷ್ಟೆಂದು ಲೆಕ್ಕ ಹಾಕುತ್ತಾರೆ. ಅಷ್ಟರಲ್ಲಿ ಮುಂದಿನ ಹನಿ ಸಿದ್ಧ. ಲೀಟರಿಗೆ ಸುಮಾರು 2 ಮೈಕ್ರೋಗ್ರಾಂ ಸೆರೊಟೋನಿನ್ ಇದ್ದರೆ ಸಾಕು, ಗ್ರಂಥಿ ಭರದಿಂದ ಸುರಿಸುತ್ತದೆ. 1968ರಲ್ಲಿ ಬೆರಿಡ್ಜ್ ಮತ್ತು ಎನ್.ಜಿ. ಪಟೇಲ್ ಇದನ್ನು ಪ್ರಕಟಿಸಿದರು. ನೀಲಿ ನೊಣದ ಈ ಗ್ರಂಥಿಗೆ ನರಗಳ ನೇರ ಸಂಪರ್ಕವಿಲ್ಲ, ಅಪ್ಪಣೆ ರಕ್ತದಲ್ಲೇ ತೇಲಿ ಬರುತ್ತದೆ.

ಆ ಅಪ್ಪಣೆಯನ್ನು ತಡೆಯುವ ಆಟ ಇನ್ನೂ ಚೆಂದ. ಜೀವಕೋಶದ ಹೊರಮೈಯಲ್ಲಿ ಸೆರೊಟೋನಿನ್ ಕೂರಲೆಂದೇ ಇರುವ ಪ್ರೋಟೀನುಗಳಿಗೆ ರಿಸೆಪ್ಟರ್ ಎನ್ನುತ್ತಾರೆ. ಅದೇ ಆಕಾರದ ಇನ್ನೊಂದು ಮದ್ದು ಮೊದಲೇ ಬಂದು ಅಲ್ಲಿ ಕೂತರೆ? ನಮ್ಮ ಬಸ್ಸುಗಳಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಸೀಟು ಭರ್ತಿ, ಟಿಕೆಟ್ ಮಾತ್ರ ಹರಿಯಲಿಲ್ಲ. ತುದಿಯಲ್ಲಿ ಊದುತ್ತಿದ್ದ ಹನಿ ಸೊರಗುತ್ತದೆ, ಕಡೆಗೆ ನಿಲ್ಲುತ್ತದೆ. ಸೆರೊಟೋನಿನ್ನಿನ ಪ್ರಮಾಣ ಏರಿಸುತ್ತ ಹೋದರೆ ಜನ ನುಗ್ಗಿ ಟವೆಲ್ ಸರಿಸಿದಂತೆ ಹನಿ ಮತ್ತೆ ಮೂಡುತ್ತದೆ. ಜಗಳ ಅದೇ ಸೀಟಿನದು ಎಂಬುದಕ್ಕೆ ಇದೇ ಸಾಕ್ಷಿ. ಸೀಟು ತುಂಬಿರುವಾಗಲೇ ಸೈಕ್ಲಿಕ್ ಎಎಂಪಿಯನ್ನು ಕೊಟ್ಟು ನೋಡುವುದು ಇನ್ನೊಂದು ಉಪಾಯ. ಇದು ಅಪ್ಪಣೆ ಬಿದ್ದಾಗ ಜೀವಕೋಶದೊಳಗೆ ಓಡಾಡುವ ದೂತ. ರಿಸೆಪ್ಟರಿನ ಹಂಗಿಲ್ಲದೆ ಜೊಲ್ಲು ಹರಿದರೆ, ಮದ್ದು ಕಟ್ಟಿಹಾಕಿದ್ದು ಬಾಗಿಲನ್ನೇ ಹೊರತು ಒಳಗಿನ ಯಂತ್ರವನ್ನಲ್ಲ ಎಂದು ಗೊತ್ತಾಗುತ್ತದೆ.

ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮದ್ದು ಇಲ್ಲಿ ವಿಚಿತ್ರ ಅತಿಥಿ. ಅದೂ ಸೆರೊಟೋನಿನ್ನಿನ ಜಾಗದಲ್ಲೇ ಕೂರುತ್ತದೆ, ಆದರೆ ಸಾವಧಾನವಾಗಿ ಬರುತ್ತದೆ, ತೊಳೆದರೂ ಬೇಗ ಏಳುವುದಿಲ್ಲ. ಈ ಅಂಟಿಕೊಳ್ಳುವ ಗುಣವೇ ಮನುಷ್ಯರ ತಲೆ ಕೆಡಿಸುವುದಕ್ಕೆ ಕಾರಣವಿರಬಹುದೇ ಎಂದು 1974ರಲ್ಲಿ ಬೆರಿಡ್ಜ್ ಮತ್ತು ಪ್ರಿನ್ಸ್ ಕೇಳಿದರು. ನೊಣದ ಎಂಜಲಿನಿಂದ ಭ್ರಮೆಯವರೆಗೆ! ನನಗೆ ಈ ಧೈರ್ಯ ಬಹಳ ಇಷ್ಟ.

1981ರ ಹೊತ್ತಿಗೆ, ಮದ್ದುಗಳನ್ನು ಬದಲಿಸಿ ಬದಲಿಸಿ ನೋಡಿದಾಗ, ಬಾಗಿಲು ಎರಡಿವೆ ಎಂಬುದು ಬಯಲಾಯಿತು: ಒಂದು ಸೈಕ್ಲಿಕ್ ಎಎಂಪಿಯನ್ನು ಎಬ್ಬಿಸುತ್ತದೆ, ಇನ್ನೊಂದು ಕ್ಯಾಲ್ಸಿಯಮ್ಮನ್ನು. ಆ ಕ್ಯಾಲ್ಸಿಯಮ್ ಹಾದಿ ಹಿಡಿದು ಹೊರಟ ಬೆರಿಡ್ಜ್, ಜೊತೆಗಾರರೊಂದಿಗೆ 1983ರಲ್ಲಿ ಐಪಿ3 ಎಂಬ ದೂತನ ಕೆಲಸವನ್ನು ತೋರಿಸಿದರು. ನಮ್ಮ ಮೈಯ ಜೀವಕೋಶಗಳಲ್ಲೂ ಅದೇ ದೂತ ಓಡಾಡುತ್ತಾನೆ.

ಜಿರಲೆಯಲ್ಲಿ ಏರ್ಪಾಡೇ ಬೇರೆ. ದ್ರಾಕ್ಷಿ ಗೊಂಚಲಿನಂಥ ಅದರ ಗ್ರಂಥಿಗೆ ನರಗಳು ನೇರವಾಗಿ ಬಂದು ಸೇರುತ್ತವೆ. ಡೋಪಮೈನ್ ಸುರಿದರೆ ಪ್ರೋಟೀನಿಲ್ಲದ ನೀರುನೀರು ಉಪ್ಪು ಜೊಲ್ಲು, ಸೆರೊಟೋನಿನ್ ಸುರಿದರೆ ಪ್ರೋಟೀನ್ ತುಂಬಿದ ಜೊಲ್ಲು. ಮನುಷ್ಯರ ರಿಸೆಪ್ಟರುಗಳನ್ನು ಚೆನ್ನಾಗಿ ಮುಚ್ಚುವ ಮದ್ದು ಕೀಟದ ರಿಸೆಪ್ಟರಿನ ಮುಂದೆ ಎಷ್ಟೋ ಸಲ ಸೋಲುತ್ತದೆ, ಎರಡರ ಆಕಾರ ಪೂರ್ತಿ ಒಂದೇ ಅಲ್ಲ. ನಮಗೆ ತಾಗದೆ ಕೀಟಕ್ಕಷ್ಟೇ ತಾಗುವ ಔಷಧ ಹುಡುಕುವವರು ಈಗ ಕಣ್ಣಿಟ್ಟಿರುವುದು ಆ ವ್ಯತ್ಯಾಸದ ಮೇಲೇ.