ಪೇಟೆಯ ಸಿಪ್ಪೆ, ತೋಟದ ಸಿಪ್ಪೆ

ಸಾಗರಕ್ಕೆ ಸುಮಾರು ೬ ಕಿಲೋಮೀಟರ್ ದೂರದ ಇಕ್ಕೇರಿಗೆ ಹೋದವರೆಲ್ಲ ಅಘೋರೇಶ್ವರ ದೇವಾಲಯವನ್ನು ನೋಡಿ ಬರುತ್ತಾರೆ. ಅದು ಒಂದು ಕಾಲಕ್ಕೆ ಕೆಳದಿಯ ಅರಸರ ರಾಜಧಾನಿಯಾಗಿದ್ದ ಊರು. ಅರಮನೆ ಅಳಿಯಿತು, ಕೋಟೆ ಕುಸಿಯಿತು. ಆದರೆ ಆ ಸೀಮೆಯ ಕಣಿವೆಗಳಲ್ಲಿ ಅಡಿಕೆಯ ತೋಟಗಳು ತಲೆಮಾರುಗಳಿಂದ ಫಲ ಕೊಡುತ್ತಲೇ ಬಂದಿವೆ. ಒಂದೇ ನೆಲ ಒಂದೇ ಬೆಳೆಯನ್ನು ಇಷ್ಟು ಕಾಲ ಸಾಕಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ತೋಟದೊಳಗಿಲ್ಲ. ಅದರ ಮೇಲಣ ಬೆಟ್ಟದಲ್ಲಿದೆ, ಮನೆಯ ಮಗ್ಗುಲಿನ ಕೊಟ್ಟಿಗೆಯಲ್ಲಿದೆ.

ಮಲೆನಾಡಿನ ಕೃಷಿಕ ಸೊಪ್ಪಿನ ಬೆಟ್ಟದಿಂದ ಹಸಿಸೊಪ್ಪನ್ನೂ ಬೇಸಿಗೆಯಲ್ಲಿ ದರಕನ್ನೂ ತಂದು ದನಗಳ ಕಾಲಡಿಗೆ ಹಾಸುತ್ತಾನೆ. ಸಗಣಿ ಗಂಜಲಗಳನ್ನು ಹೀರಿದ ಆ ಸೊಪ್ಪು ಗೊಬ್ಬರದ ಗುಂಡಿಯಲ್ಲಿ ಕೊಳೆತು, ಕಪ್ಪಾಗಿ, ಮರದ ಬುಡವನ್ನು ಸೇರುತ್ತದೆ. ನೆರೆಯ ಶಿರಸಿ ಸಿದ್ದಾಪುರಗಳ ಕಡೆ ಒಂದು ಎಕರೆ ತೋಟಕ್ಕೆ ೯ ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಆಡಳಿತದಿಂದಲೂ ನಡೆದುಬಂದಿತು. ಒಂದು ಎಕರೆಯ ಫಸಲಿಗೆ ಎಷ್ಟು ಕಾಡು ದುಡಿಯಬೇಕೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಇಷ್ಟು ಸೊಪ್ಪು ಏಕೆ ಬೇಕು? ಈ ಚಕ್ರದಲ್ಲಿ ಒಂದು ಬಿರುಕಿದೆ. ಅಡಿಕೆ, ಬಾಳೆ, ಮೆಣಸು, ಏಲಕ್ಕಿ ಎಲ್ಲವೂ ಪೇಟೆಯ ಹಾದಿ ಹಿಡಿಯುತ್ತವೆ. ಅವುಗಳೊಡನೆ ಮಣ್ಣಿನ ಸಾರಜನಕ, ರಂಜಕ, ಪೊಟ್ಯಾಷುಗಳೂ ಗಾಡಿ ಹತ್ತುತ್ತವೆ, ಹೋದದ್ದು ಹಿಂದಿರುಗುವುದಿಲ್ಲ. ಆ ಕೊರತೆಯನ್ನು ಬೆಟ್ಟ ತುಂಬಬೇಕು, ಇಲ್ಲವೆ ಗೊಬ್ಬರದ ಚೀಲ ತುಂಬಬೇಕು. ಅಡಿಕೆಯ ಮರವೊಂದಕ್ಕೆ ವರ್ಷಕ್ಕೆ ೧೦೦ ಗ್ರಾಂ ಸಾರಜನಕ, ೪೦ ಗ್ರಾಂ ರಂಜಕ, ೧೪೦ ಗ್ರಾಂ ಪೊಟ್ಯಾಷ್, ಜೊತೆಗೆ ೧೨ ಕಿಲೋ ಹಸಿರೆಲೆ, ೧೨ ಕಿಲೋ ಕಾಂಪೋಸ್ಟ್ ಬೇಕೆಂಬುದು ವಿಜ್ಞಾನಿಗಳ ಶಿಫಾರಸು. ಈ ಪೈಕಿ ಪೊಟ್ಯಾಷ್ ಗೊಬ್ಬರಕ್ಕಾಗಿ ಭಾರತವು ಹೊರದೇಶಗಳನ್ನೇ ನೆಚ್ಚಿಕೊಂಡಿದೆ. ಕಡಲಾಚೆಯಿಂದ ಹಣ ಕೊಟ್ಟು ತರುವ ಆ ವಸ್ತು ಬಾಳೆಯ ಹಣ್ಣಿನ ಸಿಪ್ಪೆಯಲ್ಲಿ ಧಾರಾಳವಾಗಿದೆ. ನಾವು ಅದನ್ನು ದಿನವೂ ಕಸದ ಬುಟ್ಟಿಗೆ ಎಸೆಯುತ್ತೇವೆ.

ಪೇಟೆಯ ಕಸವನ್ನು ನೆಲಕ್ಕೆ ಮರಳಿಸುವ ಯೋಚನೆ ಕನ್ನಡನಾಡಿಗೆ ಹೊಸದಲ್ಲ. ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡರು ೧೯೨೪ರಿಂದ ೧೯೩೧ರವರೆಗೆ ರೂಪಿಸಿದ ಕ್ರಮದಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯರು ೧೯೩೯ರಲ್ಲಿ ಆ ಶ್ರಮವನ್ನು ತಪ್ಪಿಸಿದರು. ಸುಮಾರು ಒಂದು ಮೀಟರ್ ಆಳದ ಕಂದಕದಲ್ಲಿ ಊರಿನ ಕಸದ ಒಂದು ಪದರ, ಮಲದ ಒಂದು ತೆಳುವಾದ ಪದರ, ಹೀಗೆ ಒಂದರ ಮೇಲೊಂದು ತುಂಬಿ, ಮೇಲೆ ಮಣ್ಣು ಮುಚ್ಚಿ ಬಿಟ್ಟರೆ ಆಯಿತು. ಮೊದಲ ದಿನಗಳ ಬಿಸಿಯಲ್ಲಿ ರೋಗಾಣುಗಳು ನಾಶವಾಗುತ್ತವೆ. ಆರೆಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಕೃಷಿಶಾಸ್ತ್ರದ ಪುಸ್ತಕಗಳು ಇದನ್ನು ಇಂದಿಗೂ ‘ಬೆಂಗಳೂರು ಪದ್ಧತಿ’ ಎಂದೇ ಕರೆಯುತ್ತವೆ.

ತನ್ನ ಹೆಸರಿನ ಪದ್ಧತಿಯನ್ನು ಆ ನಗರವೇ ಉಳಿಸಿಕೊಳ್ಳಲಿಲ್ಲ. ಒಳಚರಂಡಿ ಬಂದಿತು, ಅಗ್ಗದ ರಾಸಾಯನಿಕ ಗೊಬ್ಬರ ಬಂದಿತು, ಕೊನೆಗೆ ಪ್ಲಾಸ್ಟಿಕ್ ಬಂದು ಕಸದ ಗುಣವನ್ನೇ ಕೆಡಿಸಿತು. ಕಾಂಪೋಸ್ಟಿಗಾಗಿಯೇ ೧೯೭೫ರಲ್ಲಿ ಸರಕಾರಿ ನಿಗಮವೊಂದು ಸ್ಥಾಪನೆಯಾದರೂ, ಬೆಂಗಳೂರಿನ ಬಹುಪಾಲು ಕಸ ಹಳ್ಳಿಗಳ ಬಯಲಿಗೆ ಬಿತ್ತು. ಮಂಡೂರಿನ ಜನ ಬಹುಕಾಲ ಪ್ರತಿಭಟಿಸಿದ ಮೇಲೆ ೨೦೧೪ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲಿಯೇ ಕಸವನ್ನು ಬೇರ್ಪಡಿಸಬೇಕೆಂದು ೨೦೧೬ರ ನಿಯಮಗಳು ವಿಧಿಸಿದವು.

ಬೇರ್ಪಡಿಸುವುದೇಕೆ ಮುಖ್ಯ ಎಂಬುದನ್ನು ಈ ವಿಷಯವನ್ನು ಅಭ್ಯಸಿಸುವ ಸ್ನಾತಕೋತ್ತರ ವಿದ್ಯಾರ್ಥಿ ಪ್ರಯೋಗಶಾಲೆಯಲ್ಲಿ ಕಾಣುತ್ತಾನೆ. ಅವನ ಮೊದಲ ಅಳತೆ ಇಂಗಾಲ ಮತ್ತು ಸಾರಜನಕಗಳ ಪ್ರಮಾಣ. ಒಂದು ಪಾಲು ಸಾರಜನಕಕ್ಕೆ ಮೂವತ್ತು ಪಾಲಿನಷ್ಟು ಇಂಗಾಲವಿದ್ದರೆ ಸೂಕ್ಷ್ಮಜೀವಿಗಳು ಹುರುಪಿನಿಂದ ದುಡಿಯುತ್ತವೆ. ಗೊಬ್ಬರ ಹದವಾದಾಗ ಇಂಗಾಲದ ಪಾಲು ಇಪ್ಪತ್ತಕ್ಕಿಂತ ಕೆಳಗಿಳಿದಿರಬೇಕು. ಅನಂತರ ಗೊಬ್ಬರದ ನೀರಿನಲ್ಲಿ ಬೀಜ ಮೊಳೆಯಿಸಿ ನೋಡುತ್ತಾನೆ. ಮೊಳಕೆ ಬಾಡಿದರೆ ಗೊಬ್ಬರ ಇನ್ನೂ ಪಕ್ವವಾಗಿಲ್ಲ. ಕಡೆಯದು ವಿಷಲೋಹಗಳ ಪರೀಕ್ಷೆ. ನಗರದ ಕಾಂಪೋಸ್ಟಿನಲ್ಲಿ ಕಿಲೋ ಒಂದಕ್ಕೆ ಸೀಸ ೧೦೦ ಮಿಲಿಗ್ರಾಂ, ಕ್ಯಾಡ್ಮಿಯಂ ೫ ಮಿಲಿಗ್ರಾಂ ಮೀರಕೂಡದೆಂದು ಸರಕಾರದ ಗೊಬ್ಬರ ನಿಯಂತ್ರಣ ಆಜ್ಞೆ ಹೇಳುತ್ತದೆ. ಬ್ಯಾಟರಿಯ ಚೂರೋ ಬಣ್ಣದ ಡಬ್ಬಿಯೋ ತರಕಾರಿಯ ಸಿಪ್ಪೆಯೊಡನೆ ಬೆರೆತರೆ, ಆ ವಿಷವನ್ನು ಬೇರ್ಪಡಿಸಬಲ್ಲ ಜರಡಿ ಯಾವುದೂ ಇಲ್ಲ.

ಈ ಅಳತೆಯ ಬೆಳಕಿನಲ್ಲಿ ಮಲೆನಾಡನ್ನು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಸುಗ್ಗಿಯ ಕಾಲದಲ್ಲಿ ಸುಲಿದ ಅಡಿಕೆಯ ಸಿಪ್ಪೆ ರಸ್ತೆಯ ಬದಿಗಳಲ್ಲಿ ರಾಶಿಯಾಗಿ ಬಿದ್ದಿರುತ್ತದೆ. ಎಷ್ಟೋ ಕಡೆ ಅದಕ್ಕೆ ಬೆಂಕಿ ಹಚ್ಚುತ್ತಾರೆ. ಹಸಿ ಅಡಿಕೆಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಅದರಲ್ಲಿ ಇಂಗಾಲ ಅಧಿಕ, ಸಾರಜನಕ ಅಲ್ಪ. ಆದ್ದರಿಂದ ಅದು ಬೇಗ ಕೊಳೆಯದು. ಪೇಟೆಯ ಅಡುಗೆಮನೆಯ ಕಸದಲ್ಲಿ ನೀರು ಹೆಚ್ಚು, ಸಾರಜನಕವೂ ಉಂಟು. ಅದೊಂದೇ ರಾಶಿಯಾದರೆ ನಾರುತ್ತದೆ. ಒಂದು ಕೊಳೆಯದ ಸಿಪ್ಪೆ, ಇನ್ನೊಂದು ಕೊಳೆತು ಕೆಡುವ ಸಿಪ್ಪೆ. ಸಗಣಿಯ ಬಗ್ಗಡವೂ ಸೇರಿ ಹದವರಿತು ಕೂಡಿದರೆ ಇವೆರಡೂ ಒಳ್ಳೆಯ ಗೊಬ್ಬರವಾಗುತ್ತವೆ. ಅಷ್ಟರಮಟ್ಟಿಗೆ ಬೆಟ್ಟದ ಮೇಲಣ ಕತ್ತಿಯ ಏಟು ತಪ್ಪುತ್ತದೆ. ಇಕ್ಕೇರಿಯ ಅರಸ ಶಿವಪ್ಪ ನಾಯಕನ ಹೆಸರನ್ನು ಹೊತ್ತ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿಯೇ ಇರುವುದರಿಂದ, ಇಂಥ ಅಭ್ಯಾಸಕ್ಕೆ ಪ್ರಯೋಗಶಾಲೆಯೂ ತೋಟವೂ ನೆರೆಹೊರೆಯಲ್ಲಿವೆ.

ಮಲೆನಾಡಿನಲ್ಲಿ ಇದನ್ನು ಮುಂದಕ್ಕೆ ಹಾಕುವಂತಿಲ್ಲ, ಏಕೆಂದರೆ ಮಳೆ ಕಾಯುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಇಳಿಜಾರಿನಲ್ಲಿ ಸುರಿದ ಬೆರಕೆ ಕಸದ ರಸ ಅಷ್ಟು ಮಳೆಯಲ್ಲಿ ಹರಿದು ಹಳ್ಳವನ್ನೇ ಸೇರಬೇಕು. ಈ ಹಳ್ಳಗಳಾದರೋ ದೊಡ್ಡ ನದಿಗಳ ತೊಟ್ಟಿಲು: ವರದೆ ಹುಟ್ಟುವುದು ಇಕ್ಕೇರಿಯ ಸೀಮೆಯ ವರದಾಮೂಲದಲ್ಲಿ, ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಮೂಲದಲ್ಲಿ ಬೆರೆತ ಕೊಳೆಯನ್ನು ಕೆಳಗಿನ ಊರುಗಳು ಕುಡಿಯಬೇಕಾಗುತ್ತದೆ.

ಮನೆಗೆ ಬಂದ ಹಣ್ಣು ತರಕಾರಿಗಳಲ್ಲಿ ಯಾವುದೋ ಊರಿನ ಮಣ್ಣಿನ ಸಾರವಿದೆ. ಅದು ನಮಗೆ ಬಂದ ಕೈಗಡ. ಹಸಿಯ ಕಸಕ್ಕೆ ಬೇರೊಂದು ಬುಟ್ಟಿಯನ್ನಿಟ್ಟ ಮನೆಯಿಂದ ಆ ಸಾಲದ ಮೊದಲ ಕಂತು ಮರಳಿ ಹೊರಡುತ್ತದೆ.