ಕಾಣದ ಕಡೆಗೋಲು

ಹೊಳಲ್ಕೆರೆ, ಹೊಸದುರ್ಗಗಳ ಗುಡ್ಡಗಳಲ್ಲಿ ನಾವು ಕಾಣುವ ಕಬ್ಬಿಣದ ಅದಿರು ಕುಲುಮೆಯಲ್ಲಿ ಉಕ್ಕಾಗಿ, ಸುಮಾರು 1500 ಡಿಗ್ರಿ ಸೆಂಟಿಗ್ರೇಡಿನ ದ್ರವವಾಗಿ ತಾಮ್ರದ ಅಚ್ಚಿಗೆ ಇಳಿಯುತ್ತದೆ. ನೀರಿನಿಂದ ತಣಿದ ಗೋಡೆಗೆ ತಾಗಿದೊಡನೆ ತೊಗಟೆ ಕಟ್ಟುವುದು. ಅನಿಲದ ಗುಳ್ಳೆ, ಕಿಟ್ಟದ ಕಣಗಳು ಅದರಲ್ಲಿ ಸೆರೆಸಿಕ್ಕರೆ, ಮುಂದೆ ಉರುಳೆಗಳಡಿಯಲ್ಲಿ ಅಲ್ಲಿಯೇ ಬಿರುಕು! ಕಲಕೋಣವೆಂದರೆ ಯಾವ ಕೋಲು ತಾಳೀತು?

ಅಚ್ಚಿನ ಸುತ್ತಣ ಸುರುಳಿಗಳಲ್ಲಿ ಪರ್ಯಾಯ ವಿದ್ಯುತ್ಪ್ರವಾಹವನ್ನು ಸರದಿಯಂತೆ ಹರಿಸಿದರೆ ಕಾಂತಕ್ಷೇತ್ರ ತಿರುಗತೊಡಗುತ್ತದೆ. ಕರಗಿದ ಉಕ್ಕನ್ನು ಅಯಸ್ಕಾಂತವು ಸೆಳೆಯದು. ಸುಮಾರು 770 ಡಿಗ್ರಿಗೇ ಕಬ್ಬಿಣ ಆ ಗುಣವನ್ನು ತೊರೆದಿರುತ್ತದೆ. ಆದರೆ, ಫ್ಯಾರಡೆ 1831ರಲ್ಲಿ ಕಂಡಂತೆ, ಬದಲಾಗುವ ಕ್ಷೇತ್ರವು ದ್ರವದೊಳಗೇ ಪ್ರವಾಹವನ್ನು ಪ್ರೇರಿಸಿ, ಆ ಪ್ರವಾಹದ ಮೂಲಕ ದ್ರವವನ್ನೇ ತಳ್ಳುವುದು. ತಿರುಗುವ ಉಕ್ಕು ತೊಗಟೆಯ ಒಳಮೈಯನ್ನು ತೊಳೆದು ಗುಳ್ಳೆಗಳನ್ನು ಬಿಡಿಸುತ್ತದೆ. ನಮ್ಮ ಮನೆಯ 50 ಆವರ್ತದ ವಿದ್ಯುತ್ತು ಇಲ್ಲಿ ಒದಗದು. ತಾಮ್ರದ ಗೋಡೆಯೇ ಅದರ ಕ್ಷೇತ್ರವನ್ನು ಬಹುಪಾಲು ತಡೆಯುತ್ತದೆ. ಸೆಕೆಂಡಿಗೆ ಕೆಲವೇ ಆವರ್ತಗಳ ಪ್ರವಾಹ ಬೇಕು.