ಹಾವು ಕಡಿತ: ಹಗ್ಗ, ಮಂತ್ರ ಮತ್ತು ಗಾಜಿನ ಟ್ಯೂಬು

ಮುಂಗಾರು ಹಿಡಿದು ಗದ್ದೆ ಕೆಲಸ ಶುರುವಾಯಿತೆಂದರೆ ತಾಲೂಕು ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಹಾವು ಕಚ್ಚಿದವರು ಬರತೊಡಗುತ್ತಾರೆ. ಎಷ್ಟೋ ಜನರ ಕಾಲಿಗೆ ಟವೆಲ್ಲನ್ನೋ ಪ್ಲಾಸ್ಟಿಕ್ ಹಗ್ಗವನ್ನೋ ಪಾದ ನೀಲಿಗಟ್ಟುವಷ್ಟು ಬಿಗಿದಿರುತ್ತಾರೆ. ಗಾಯದ ಮೇಲೆ ಬ್ಲೇಡಿನ ಗೀರು, ಅರಿಸಿನ, ಯಾವುದೋ ಸೊಪ್ಪಿನ ರಸ. ಮೆಣಸು ಅಗಿಸಿ ‘ಖಾರ ಹತ್ತುತ್ತಾ?’ ಎಂದು ಕೇಳಿದ್ದೂ ಆಗಿರುತ್ತದೆ. ಎಲ್ಲವೂ ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. ಅಷ್ಟರಲ್ಲಿ ಒಂದೆರಡು ಗಂಟೆ ಮಾತ್ರ ಕೈಜಾರಿರುತ್ತದೆ. ಹಾವಿನ ವಿಷಕ್ಕೆ ಮದ್ದಿದೆ, ಸರ್ಕಾರಿ ಆಸ್ಪತ್ರೆಯಲ್ಲೇ ಇದೆ. ಅಲ್ಲಿಗೆ ಹೊತ್ತಿಗೆ ಸರಿಯಾಗಿ ಹೋಗಲು ಬಿಡದೆ ಕಾಲು ಹಿಡಿದೆಳೆಯುವ ನಂಬಿಕೆಗಳು ಬಹಳ.

‘ಈಗೆಲ್ಲ ಹಾವು ಕಚ್ಚಿ ಸಾಯೋರು ಎಲ್ಲಿದ್ದಾರೆ?’

ಪೇಟೆಯಲ್ಲಿ ಕೂತು ಹೀಗೆ ಕೇಳುವುದು ಸುಲಭ. ಸರ್ಕಾರವೂ ಬಹುಕಾಲ ಹೀಗೇ ತಿಳಿದಿತ್ತು. ಆಸ್ಪತ್ರೆಗಳಿಂದ ಬರುವ ಲೆಕ್ಕದಲ್ಲಿ ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಒಂದೆರಡು ಸಾವಿರ ಸಾವುಗಳಷ್ಟೇ ಕಾಣುತ್ತಿದ್ದವು. ಆಮೇಲೆ ‘ಮಿಲಿಯನ್ ಡೆತ್ ಸ್ಟಡಿ’ ಎಂಬ ದೊಡ್ಡ ಅಧ್ಯಯನ ನಡೆಯಿತು. ಅದರ ಸಮೀಕ್ಷಕರು ಆಸ್ಪತ್ರೆಯ ರಿಜಿಸ್ಟರ್ ಬಿಟ್ಟು, ಸಾವಾದ ಮನೆಗಳ ಜಗಲಿಗೇ ಹೋಗಿ ಕೂತು, ‘ಏನಾಯಿತು, ಹೇಗಾಯಿತು’ ಎಂದು ಮನೆಯವರನ್ನು ವಿಚಾರಿಸಿದರು. 2011ರಲ್ಲಿ ಪ್ರಕಟವಾದ ಅದರ ಲೆಕ್ಕದ ಪ್ರಕಾರ 2005ನೇ ಇಸವಿಯೊಂದರಲ್ಲೇ ಹಾವು ಕಡಿತದಿಂದ ಸತ್ತವರು ಸುಮಾರು 46 ಸಾವಿರ. ಅದರಲ್ಲಿ ಶೇ 97ರಷ್ಟು ಹಳ್ಳಿಗಳವರು. ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟವರು ನಾಲ್ವರಲ್ಲಿ ಒಬ್ಬರೂ ಇಲ್ಲ. ಉಳಿದವರು ಮನೆಯಲ್ಲೋ ದಾರಿಯಲ್ಲೋ ಸತ್ತಿದ್ದರು, ಹಾಗಾಗಿ ಯಾವ ರಿಜಿಸ್ಟರಿಗೂ ಸಿಕ್ಕಿರಲಿಲ್ಲ. 2020ರಲ್ಲಿ ಬಂದ ಮುಂದುವರಿದ ಅಧ್ಯಯನ 2000ದಿಂದ 2019ರವರೆಗಿನ ಸಾವುಗಳನ್ನು 12 ಲಕ್ಷ ಎಂದು ಅಂದಾಜಿಸಿತು, ಎಂದರೆ ವರ್ಷಕ್ಕೆ ಸರಾಸರಿ 58 ಸಾವಿರ.

ಮನೆ ಬಾಗಿಲಿಗೆ ಹೋಗಿ ಕೇಳುವ ಕೆಲಸವನ್ನು ‘ಸಂಶೋಧನೆ’ ಎಂದು ಒಪ್ಪಲು ನಮಗೆ ಸ್ವಲ್ಪ ಕಷ್ಟ. ಆದರೆ ಈ ಸಾವುಗಳನ್ನು ಬೆಳಕಿಗೆ ತಂದದ್ದು ಅದೇ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಈಗ ಸರ್ಕಾರಿ ಆಸ್ಪತ್ರೆಯಿರಲಿ ಖಾಸಗಿಯಿರಲಿ, ಪ್ರತಿ ಕೇಸನ್ನೂ ಆರೋಗ್ಯ ಇಲಾಖೆಗೆ ವರದಿ ಮಾಡಲೇಬೇಕು.

‘ಬಿಗಿಯಾಗಿ ಕಟ್ಟಿದರೆ ವಿಷ ಮೇಲೇರಲ್ಲ’

ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ ಇದು, ಕೈಕಾಲು ಕಳೆಯುವ ನಂಬಿಕೆಯೂ ಹೌದು. ಹಗ್ಗ ಬಿಗಿದರೆ ಕೆಳಗಿನ ಭಾಗಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ಮಂಡಲದ ವಿಷ ಮೊದಲೇ ಮಾಂಸವನ್ನು ಕೊಳೆಸುವಂಥದ್ದು. ಅದನ್ನು ಒಂದೇ ಕಡೆ ಕೂಡಿಹಾಕಿದರೆ ಹಾನಿ ಇಮ್ಮಡಿ. ಇಷ್ಟಾದರೂ ವಿಷ ಪೂರ್ತಿ ನಿಲ್ಲುವುದಿಲ್ಲ. ಆಸ್ಪತ್ರೆಗೆ ಬಂದ ಮೇಲೆ ಕಟ್ಟನ್ನು ಒಮ್ಮೆಲೇ ಕತ್ತರಿಸಿದರೆ ತಡೆದಿದ್ದ ವಿಷವೆಲ್ಲ ಒಟ್ಟಿಗೆ ನುಗ್ಗಿ ಉಸಿರಾಟ ಕುಸಿಯಬಹುದು. ಅದಕ್ಕೇ ಅನುಭವಿ ಸಿಸ್ಟರ್‌ಗಳು ಡ್ರಿಪ್ ಹಾಕಿ, ಮದ್ದು, ಆಕ್ಸಿಜನ್ ಎಲ್ಲ ಕೈಗೆ ಸಿಗುವಂತೆ ಇಟ್ಟುಕೊಂಡು, ವೈದ್ಯರ ಎದುರಿಗೇ ಕಟ್ಟು ಬಿಚ್ಚುತ್ತಾರೆ. ನೀವು ಯಾರಾದರೂ ಕಟ್ಟಿದ್ದನ್ನು ಕಂಡರೆ ದಾರಿಯಲ್ಲಿ ಬಿಚ್ಚಲು ಹೋಗಬೇಡಿ.

ಮತ್ತೆ ಮಾಡಬೇಕಾದ್ದೇನು? ಕಾಲು ಮುರಿದಾಗ ಮಾಡುವಂತೆ ಕೋಲೋ ಹಲಗೆಯೋ ಇಟ್ಟು, ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ಆ ಅಂಗ ಅಲುಗಾಡದಂತೆ ನೋಡಿಕೊಳ್ಳಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದುಬಿಡಿ. ಬಾವು ಬಂದ ಮೇಲೆ ಅವು ಬರುವುದಿಲ್ಲ. ಕೊಯ್ಯುವುದು, ಬಾಯಿಂದ ಹೀರುವುದು, ಐಸ್ ಇಡುವುದು ಯಾವುದೂ ಬೇಡ. ರೋಗಿಯನ್ನು ನಡೆಸದೆ, ಓಡಿಸದೆ ಕರೆದೊಯ್ಯಿರಿ. ಹಾವನ್ನು ಹೊಡೆದು ಚೀಲದಲ್ಲಿ ತರುವ ಸಾಹಸವೂ ಬೇಡ, ಅದರಿಂದ ಇನ್ನೊಬ್ಬರಿಗೆ ಕಚ್ಚಿಸಿಕೊಳ್ಳುವುದಷ್ಟೇ ಲಾಭ.

‘ಗಾಯವೇ ಇಲ್ಲ, ನೋವೂ ಇಲ್ಲ, ಹಾವಲ್ಲ ಬಿಡಿ’

ಕಟ್ಟುಹಾವಿನ ವಿಷಯದಲ್ಲಿ ಈ ಮಾತು ಪ್ರಾಣ ತೆಗೆಯುತ್ತದೆ. ಅದು ರಾತ್ರಿ ಸಂಚಾರಿ; ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಹಲ್ಲು ಸಣ್ಣದು. ಗುರುತು ಕಾಣದೇ ಇರಬಹುದು, ನೋವು ಗೊತ್ತೇ ಆಗದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಏಳುತ್ತಾರೆ. ಮನೆಯವರು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸುತ್ತಾರೆ. ಅಷ್ಟರಲ್ಲಿ ರೆಪ್ಪೆ ಜೋಲತೊಡಗುತ್ತದೆ.

ಇಲ್ಲಿ ದೊಡ್ಡ ಯಂತ್ರಕ್ಕಿಂತ ಮೊದಲು ಕೆಲಸಕ್ಕೆ ಬರುವುದು ಹಾಸಿಗೆಯ ಪಕ್ಕ ನಿಂತವರ ಕಣ್ಣು. ‘ಮೇಲೆ ನೋಡಿ’ ಎಂದಾಗ ರೆಪ್ಪೆ ಏಳುತ್ತದೆಯೇ, ತಲೆಯನ್ನು ದಿಂಬಿನಿಂದ ಎತ್ತಿ ಹಿಡಿಯಲು ಆಗುತ್ತದೆಯೇ, ಎಂಜಲು ನುಂಗುತ್ತಿದ್ದಾರೆಯೇ ಎಂದು ನೋಡಬೇಕು. ‘ಒಂದೇ ಉಸಿರಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸಿ’ ಎನ್ನುವುದೂ ಒಂದು ಪರೀಕ್ಷೆ. ಆಗ 25ರವರೆಗೆ ಎಣಿಸಿದವರು ಈಗ 15ಕ್ಕೇ ನಿಲ್ಲಿಸಿದರೆ ಉಸಿರಾಟದ ಸ್ನಾಯು ಸೋಲುತ್ತಿದೆ ಎಂದರ್ಥ. ವೈದ್ಯರನ್ನು ಆ ಕ್ಷಣವೇ ಕರೆಯಬೇಕು.

ಮಂಡಲದ ವಿಷಕ್ಕೆ ಇಷ್ಟೇ ಸರಳವಾದ ಇನ್ನೊಂದು ಪರೀಕ್ಷೆ ಇದೆ. ಸ್ವಚ್ಛವಾದ, ಒಣಗಿದ ಗಾಜಿನ ಟೆಸ್ಟ್ ಟ್ಯೂಬಿಗೆ ಸುಮಾರು 2 ಮಿಲಿ ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಡುವುದು. ಆಮೇಲೆ ಒಮ್ಮೆ ಓರೆ ಮಾಡಿದರೆ ರಕ್ತ ಹೆಪ್ಪುಗಟ್ಟಿರಬೇಕು. ಇನ್ನೂ ನೀರಿನಂತೆ ಹರಿದರೆ ವಿಷ ಕೆಲಸ ಶುರು ಮಾಡಿದೆ. ಟ್ಯೂಬು ಪ್ಲಾಸ್ಟಿಕ್ಕಿನದಾಗಿದ್ದರೆ, ಸೋಪಿನಲ್ಲಿ ತೊಳೆದದ್ದಾಗಿದ್ದರೆ, ಹದಿನೈದೇ ನಿಮಿಷಕ್ಕೆ ಯಾರೋ ಎತ್ತಿ ನೋಡಿಬಿಟ್ಟರೆ ಉತ್ತರ ತಪ್ಪುತ್ತದೆ. ಮದ್ದು ಕೊಟ್ಟ ಮೇಲೂ ಆರು ಗಂಟೆ ಬಿಟ್ಟು ಇದನ್ನೇ ಮತ್ತೆ ಮಾಡಿ, ಇನ್ನೂ ಮದ್ದು ಬೇಕೇ ಎಂದು ತೀರ್ಮಾನಿಸುತ್ತಾರೆ. ‘ಏನೂ ಮಾಡ್ತಿಲ್ಲ, ಬರೀ ಕಾಯಿಸ್ತಾರೆ’ ಎಂದು ವಾರ್ಡಿನಲ್ಲಿ ಜಗಳಕ್ಕೆ ಹೋಗುವ ಮುಂಚೆ ಆ 20 ನಿಮಿಷದ ಬೆಲೆ ತಿಳಿದಿರಲಿ.

‘ನಮ್ಮೂರ ನಾಟಿ ಪಂಡಿತರು ನೂರಾರು ಜನರನ್ನು ಉಳಿಸಿದ್ದಾರೆ’

ಅವರು ಸುಳ್ಳು ಹೇಳುತ್ತಿಲ್ಲ, ಬಂದವರಲ್ಲಿ ಹೆಚ್ಚಿನವರು ಬದುಕಿದ್ದು ನಿಜವೇ. ಆದರೆ ದೇಶದ 300ರಷ್ಟು ಹಾವಿನ ಜಾತಿಗಳಲ್ಲಿ ಬಹುಪಾಲಿಗೆ ವಿಷವಿಲ್ಲ. ನಾಗರಹಾವು ಕಚ್ಚಿದರೂ ಕೆಲವೊಮ್ಮೆ ವಿಷ ಬಿಟ್ಟಿರುವುದಿಲ್ಲ. ಆ ಕಡಿತಗಳಿಗೆ ಮಂತ್ರ ಹಾಕಿದರೂ ಬದುಕುತ್ತಾರೆ, ಹಾಕದಿದ್ದರೂ ಬದುಕುತ್ತಾರೆ. ವಿಷ ನಿಜವಾಗಿ ಏರಿದಾಗ ಮಾತ್ರ ಹಾವಿನ ಕಲ್ಲಿಗಾಗಲಿ ಬೇರಿಗಾಗಲಿ ಅದನ್ನು ಇಳಿಸುವ ಶಕ್ತಿ ಇಲ್ಲ. ಪಂಡಿತರ ಜೊತೆ ಜಗಳವಾಡುವುದಕ್ಕಿಂತ, ‘ಮೊದಲು 108ಕ್ಕೆ ಫೋನ್ ಮಾಡಿಸಿ’ ಎಂದು ಅವರ ಬಾಯಿಂದಲೇ ಹೇಳಿಸುವುದು ಹೆಚ್ಚು ಜೀವ ಉಳಿಸೀತು ಎಂಬುದು ನನ್ನ ಅನಿಸಿಕೆ.

‘ಆ ಇಂಜೆಕ್ಷನ್ನೇ ಅಪಾಯ, ಮಕ್ಕಳಿಗೆ ಅರ್ಧ ಸಾಕು’

ಎಎಸ್‌ವಿ ಎನ್ನುವ ಈ ಮದ್ದಿಗೆ ಅಲರ್ಜಿ ಆಗುವುದುಂಟು. ಅದಕ್ಕೆ ದಾರಿಯೂ ಉಂಟು. ಶ್ರೀಲಂಕಾದಲ್ಲಿ 1,007 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲೇ ಸಣ್ಣ ಪ್ರಮಾಣದ ಅಡ್ರಿನಲಿನ್ ಕೊಟ್ಟಾಗ ಮೊದಲ ಗಂಟೆಯ ತೀವ್ರ ಪ್ರತಿಕ್ರಿಯೆಗಳು ಶೇ 43ರಷ್ಟು ತಗ್ಗಿದವು. ಚರ್ಮಕ್ಕೆ ಚುಚ್ಚಿ ‘ಟೆಸ್ಟ್ ಡೋಸ್’ ನೋಡುವ ಹಳೆಯ ಪದ್ಧತಿಯಿಂದ ಅಲರ್ಜಿ ಮುಂಚೆ ತಿಳಿಯುವುದಿಲ್ಲ, ಹೊತ್ತು ಹಾಳಾಗುತ್ತದೆ. ಇನ್ನು ಡೋಸ್ ಮಾತು: ಮದ್ದು ಹೊಡೆದಾಡಬೇಕಾದ್ದು ವಿಷದ ಜೊತೆ. ಹಾವು ಮಗುವಿಗೆಂದು ಕಡಿಮೆ ವಿಷ ಬಿಡುವುದಿಲ್ಲ, ಹಾಗಾಗಿ ಮಗುವಿಗೂ ದೊಡ್ಡವರಷ್ಟೇ ಡೋಸ್.

ಒಂದು ಕೊರತೆಯನ್ನಂತೂ ಮುಚ್ಚಿಡಬಾರದು. ನಮ್ಮಲ್ಲಿ ಸಿಗುವ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆಂದು ತಯಾರಾದದ್ದು. ಪಶ್ಚಿಮ ಘಟ್ಟದ ಕಾಳಿಂಗ ಸರ್ಪದ ವಿಷ ಅದರ ಲೆಕ್ಕದಲ್ಲಿಲ್ಲ. ಕಾಫಿ ತೋಟ, ಅಡಿಕೆ ತೋಟಗಳ ಕಡೆ ಕಚ್ಚುವ, ಮೂಗು ಮೇಲೆದ್ದ ಸಣ್ಣ ಮಂಡಲದ ವಿಷಕ್ಕೂ ಅದು ನಾಟುವುದಿಲ್ಲ. ಹಾಗಿದ್ದರೂ ಆಸ್ಪತ್ರೆಯೇ ದಾರಿ. ಉಸಿರಾಟಕ್ಕೆ ಆಸರೆ, ಕಿಡ್ನಿ ಸೋತರೆ ಡಯಾಲಿಸಿಸ್ ಬೇರೆಲ್ಲಿ ಸಿಗಬೇಕು?

ದೂರದ ಹಳ್ಳಿಯವರು ‘ಅಲ್ಲಿಗೆ ಹೋಗುವಷ್ಟರಲ್ಲಿ ಮುಗಿದಿರುತ್ತೆ’ ಎನ್ನುತ್ತಾರೆ. ಆಗ್ನೇಯ ನೇಪಾಳದ ಕೆಲವು ಹಳ್ಳಿಗಳಲ್ಲಿ ಸ್ವಯಂಸೇವಕರ ಬೈಕುಗಳನ್ನು ಗೊತ್ತು ಮಾಡಿ, ಕಚ್ಚಿಸಿಕೊಂಡವರನ್ನು ಸವಾರ ಮತ್ತು ಹಿಂದೆ ಹಿಡಿದು ಕೂರುವ ಇನ್ನೊಬ್ಬರ ನಡುವೆ ಕೂರಿಸಿ ಸಾಗಿಸಿದರು, ಊರಿನವರಿಗೆ ತಿಳಿವಳಿಕೆಯನ್ನೂ ಕೊಟ್ಟರು. ಕಚ್ಚಿಸಿಕೊಂಡವರಲ್ಲಿ ಸಾಯುವವರ ಪ್ರಮಾಣ ಶೇ 10.5ರಿಂದ ಶೇ 0.5ಕ್ಕೆ ಇಳಿಯಿತು. ಸೊಳ್ಳೆಪರದೆಯೊಳಗೆ ಮಲಗುವವರಿಗೆ ಕಡಿತ ಕಡಿಮೆ ಎಂಬುದೂ ನೇಪಾಳದ ತೆರಾಯಿಯಲ್ಲೇ ನಡೆದ ಅಧ್ಯಯನದಿಂದ ಗೊತ್ತಾದದ್ದು. ನೆಲದ ಮೇಲೆ ಮಲಗುವವರು ಪರದೆಯ ಅಂಚನ್ನು ಹಾಸಿಗೆಯಡಿಗೆ ಸೇರಿಸಿದರೆ ಸಾಕು.

ಮಳೆಗಾಲಕ್ಕೆ ಮುಂಚೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಮೂರು ಮಾತು ಕೇಳಿಟ್ಟುಕೊಳ್ಳಿ: ಎಎಸ್‌ವಿ ದಾಸ್ತಾನು ಇರುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಅಲ್ಲಿ ಯಾರಿರುತ್ತಾರೆ, ಆಂಬುಲೆನ್ಸ್ ತಡವಾದರೆ ಊರಲ್ಲಿ ಯಾರ ಗಾಡಿ ಸಿಗುತ್ತದೆ.